ಅವನು ಯಾರು, ಅದು ಯಾವುದು? ಸರ್ವನಾಮ, ಪಠ್ಯದ ಕಟ್ಟಡ ಮತ್ತು ಯಂತ್ರದ ಓದು

ಚಾಮರಾಜನಗರ ಜಿಲ್ಲೆಯ ತೆರಕಣಾಂಬಿ ಹೋಬಳಿಯ ಯಾವ ಜಮೀನಿನವರ ಮನೆಯ ಟ್ರಂಕು ತೆಗೆಸಿದರೂ ತಳದಲ್ಲಿ ಒಂದು ಹಳೆಯ ಕ್ರಯಪತ್ರ ಇರುತ್ತದೆ. ಇಂಥ ಇಸವಿ, ಇಂಥ ತಾರೀಖು, ಇಂಥ ಊರಿನ ಇಂಥವರ ಮಗ ಇಂಥವರಿಗೆ ಇಂಥವರು ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ ಎಂದು ಅದು ಶುರುವಾಗುತ್ತದೆ. ಅಲ್ಲಿಂದ ಮುಂದೆ ಆ ಇಬ್ಬರ ಹೆಸರು ಹೆಚ್ಚುಕಡಿಮೆ ಮಾಯ. ‘ನಾನು’ ಎಂದರೆ ಮಾರಿದವರು, ‘ನೀವು’ ಎಂದರೆ ಕೊಂಡವರು. ‘ಸದರಿ ಸ್ವತ್ತು’ ಎಂದರೆ ಕೊನೆಗೆ ಚಕ್ಕುಬಂದಿ ಸಮೇತ ಷೆಡ್ಯೂಲಿನಲ್ಲಿ ಬರುವ ಜಮೀನು. ನಡುವೆ ಮಾರಿದವರ ಅಪ್ಪ, ಭಾಗ ಪಡೆದ ಅಣ್ಣತಮ್ಮಂದಿರು, ಸಾಲ ಕೊಟ್ಟ ಬ್ಯಾಂಕು, ಪಕ್ಕದ ಹೊಲದ ಯಜಮಾನ ಎಲ್ಲರ ಹೆಸರೂ ಬಂದು ಹೋಗುತ್ತದೆ. ಆದರೂ ನಾಲ್ಕನೇ ಪುಟದ ‘ನಾನು’ ಯಾರು ಎಂದು ಪತ್ರಬರಹಗಾರರಿಗಾಗಲಿ, ಓದಿಸಿ ಕೇಳುವವರಿಗಾಗಲಿ ಅನುಮಾನ ಹುಟ್ಟುವುದಿಲ್ಲ. ಆ ಬಗೆಯ ಕಾಗದದಲ್ಲಿ ಯಾವ ಜಾಗದಲ್ಲಿ ಯಾರು ಕೂರುತ್ತಾರೆ ಎಂಬುದು ಓದುವುದಕ್ಕೆ ಮುಂಚೆಯೇ ಅವರಿಗೆ ಗೊತ್ತು.

ಅದೇ ಪತ್ರವನ್ನು ಕಂಪ್ಯೂಟರಿಗೆ ಕೊಟ್ಟು, ಸರ್ವನಾಮ ಕಂಡಲ್ಲೆಲ್ಲ ಹಿಂದೆ ಹೋಗಿ ಹತ್ತಿರ ಸಿಕ್ಕಿದ ಹೆಸರನ್ನು ಹಿಡಿ ಎಂದರೆ, ಜಮೀನನ್ನು ಬ್ಯಾಂಕೋ ಪಕ್ಕದ ಹೊಲದವರೋ ಮಾರಿದಂತಾಗುತ್ತದೆ. ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬುದನ್ನು ಯಂತ್ರದಿಂದ ಹೇಳಿಸುವ ಪ್ರಯತ್ನಕ್ಕೆ ಅರ್ಧ ಶತಮಾನ ದಾಟಿದೆ. ಈ ಅವಧಿಯಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆ ಒಂದೇ: ಹೆಸರು ಎಷ್ಟು ದೂರದಲ್ಲಿದೆ ಎಂಬುದು ಮುಖ್ಯವೋ, ಪಠ್ಯ ಹೇಗೆ ಕಟ್ಟಿಕೊಂಡಿದೆ ಎಂಬುದು ಮುಖ್ಯವೋ? ಇದಕ್ಕೆ ಇಂಗ್ಲಿಷಿನಲ್ಲಿ ಸಿಕ್ಕ ಉತ್ತರ ಕನ್ನಡಕ್ಕೆ ಹಾಗೆಯೇ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ಹೇಳುವ ಮುಂಚೆ ಹಿಂದಿನ ಹಾದಿಯನ್ನು ಒಮ್ಮೆ ನೋಡಬೇಕು.

1972ರಲ್ಲಿ ಅಮೆರಿಕದ ಟೆರಿ ವಿನೊಗ್ರಾಡ್ ಮುಂದಿಟ್ಟ ಒಂದು ವಾಕ್ಯಜೋಡಿ ಈ ಕ್ಷೇತ್ರದಲ್ಲಿ ಗಾದೆಯಂತಾಗಿದೆ. ಅದರ ಧಾಟಿಯನ್ನು ನಮ್ಮ ಕಡೆಯ ಮಾತಿಗೆ ಹೊಂದಿಸಿ ಹೇಳುವುದಾದರೆ: ‘ಮಂಡಿಯವರು ರೈತರಿಗೆ ಮುಂಗಡ ಕೊಡಲಿಲ್ಲ. ಅವರ ಕೈಯಲ್ಲಿ ದುಡ್ಡು ಓಡಾಡುತ್ತಿರಲಿಲ್ಲ.’ ಇಲ್ಲಿ ‘ಅವರು’ ಮಂಡಿಯವರು. ಎರಡನೇ ವಾಕ್ಯವನ್ನು ‘ಅವರು ಹೋದ ವರ್ಷದ ಬಾಕಿಯನ್ನೇ ತೀರಿಸಿರಲಿಲ್ಲ’ ಎಂದು ಬದಲಿಸಿದರೆ ‘ಅವರು’ ರೈತರಾಗುತ್ತಾರೆ. ಲಿಂಗ ವಚನ ಎರಡರಲ್ಲೂ ಒಂದೇ, ದೂರವೂ ಒಂದೇ. ಎರಡನೇ ವಾಕ್ಯ ಮೊದಲನೆಯದಕ್ಕೆ ಕಾರಣ ಕೊಡುತ್ತಿದೆ ಎಂದು ಹಿಡಿದು, ಆ ಕಾರಣ ಯಾರಿಗೆ ಒಪ್ಪುತ್ತದೆ ಎಂದು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ವಾಕ್ಯಗಳ ನಡುವಿನ ಸಂಬಂಧವೇ ಸರ್ವನಾಮದ ಗಂಟು ಬಿಚ್ಚುತ್ತದೆ ಎಂಬ ವಾದದ ಬೇರು ಇಲ್ಲಿದೆ. 1979ರಲ್ಲಿ ಜೆರಿ ಹಾಬ್ಸ್ ಇದನ್ನೇ ಸಿದ್ಧಾಂತವಾಗಿ ಬೆಳೆಸಿದರು: ವಾಕ್ಯಗಳ ಸಂಬಂಧವನ್ನು ಹುಡುಕುತ್ತ ಹೋದರೆ ಸರ್ವನಾಮದ ಒಡೆಯ ತಾನಾಗಿ ಸಿಗುತ್ತಾನೆ, ಪ್ರತ್ಯೇಕವಾಗಿ ಹುಡುಕಬೇಕಿಲ್ಲ.

ಸ್ವಾರಸ್ಯವೆಂದರೆ, ಅದಕ್ಕೆ ಒಂದು ವರ್ಷ ಮುಂಚೆ ಇದೇ ಹಾಬ್ಸ್ ಅರ್ಥದ ಗೊಡವೆಗೆ ಹೋಗದೆ ಬರೀ ವಾಕ್ಯರಚನೆಯ ಮರವನ್ನು ಹತ್ತಿ ಇಳಿದು ಹೆಸರು ಹಿಡಿಯುವ ಒಂದು ವಿಧಾನವನ್ನು ಪ್ರಕಟಿಸಿದ್ದರು. ಪುರಾತತ್ವದ ಪುಸ್ತಕ, ಕಾದಂಬರಿ, ವಾರಪತ್ರಿಕೆ, ಹೀಗೆ ಮೂರು ಕಡೆಯಿಂದ ನೂರು ನೂರರಂತೆ 300 ಸರ್ವನಾಮಗಳನ್ನು ತೆಗೆದುಕೊಂಡು ಕೈಯಿಂದಲೇ ಪರೀಕ್ಷಿಸಿದಾಗ 88.3 ಶೇಕಡಾ ಸರಿಬಂದವು. ಅದನ್ನು ಅವರೇ ಮುಗ್ಧ ವಿಧಾನವೆಂದು ಕರೆದರು. ಆ ಪಠ್ಯಗಳಲ್ಲಿ 98 ಶೇಕಡಾ ಸರ್ವನಾಮಗಳ ಮೂಲ ಹೆಸರು ಅದೇ ವಾಕ್ಯದಲ್ಲೋ ಅದರ ಹಿಂದಿನ ವಾಕ್ಯದಲ್ಲೋ ಇತ್ತು. ಹಾಗಿರುವಾಗ ಪಠ್ಯದ ದೊಡ್ಡ ಕಟ್ಟಡಕ್ಕೆ ಕೆಲಸವಾದರೂ ಏನು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಬೆನ್ನು ಬಿಟ್ಟಿಲ್ಲ.

ಕೆಲಸವಿದೆ ಎಂದು ತೋರಿಸಿಕೊಟ್ಟವರು ಬಾರ್ಬರಾ ಗ್ರೋಝ್. 1977ರ ತಮ್ಮ ಪ್ರಬಂಧಕ್ಕಾಗಿ ಅವರು ಗಮನಿಸಿದ್ದು ಗಾಳಿ ಒತ್ತುವ ಯಂತ್ರವೊಂದನ್ನು ಜೋಡಿಸುವ ಸಂಭಾಷಣೆಗಳನ್ನು. ಬಲ್ಲವರು ಹೇಳುತ್ತಾರೆ, ಕಲಿಯುವವರು ಜೋಡಿಸುತ್ತಾರೆ. ಒಂದು ಭಾಗದ ಕೆಲಸ ಮುಗಿದ ತಕ್ಷಣ, ಎಷ್ಟೋ ಹೊತ್ತಿನ ಹಿಂದೆ ಹೆಸರಿಸಿದ್ದ ಇಡೀ ಯಂತ್ರವನ್ನು ಜನ ಸಲೀಸಾಗಿ ‘ಅದು’ ಎಂದು ಕರೆಯುತ್ತಿದ್ದರು. ನಡುವೆ ಬಂದ ಬೋಲ್ಟು, ಸ್ಪ್ಯಾನರುಗಳು ಅಡ್ಡ ಬರುತ್ತಿರಲಿಲ್ಲ.

ಚಾಮರಾಜನಗರದ ಕಡೆ ಇದನ್ನು ಅರಿಶಿನದಲ್ಲೇ ನೋಡಬಹುದು. ‘ಅರಿಶಿನದ ಗೆಡ್ಡೆ ಕಿತ್ತು ಮಣ್ಣು ಬಿಡಿಸಿ. ಕೊಪ್ಪರಿಗೆಗೆ ತುಂಬಿ ಬೇಯಿಸಿ. ಕೊಪ್ಪರಿಗೆ ಸೋರಿದರೆ ಬೆಸುಗೆಯವನನ್ನು ಕರೆಸಿ. ಅವನು ಬರುವ ತನಕ ಉರಿ ಇಳಿಸಿ, ಸೌದೆ ಹೊರಗೆಳೆಯಿರಿ. ಆಮೇಲೆ ಅದನ್ನು ಕಣದಲ್ಲಿ ಹರಡಿ ಒಣಗಿಸಿ.’ ಒಣಗಿಸಬೇಕಾದ್ದು ಹತ್ತಿರದಲ್ಲಿರುವ ಸೌದೆಯನ್ನೋ ಕೊಪ್ಪರಿಗೆಯನ್ನೋ ಅಲ್ಲ, ಅರಿಶಿನವನ್ನು. ಸೋರಿಕೆಯ ಮಾತು ನಡುವೆ ಬಂದ ಉಪಕಥೆ. ಅದು ಮುಗಿದ ಮೇಲೆ ಮುಖ್ಯ ಕೆಲಸ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು. ಕೆಲಸದ ಕ್ರಮವೇ ಮಾತಿನ ಕ್ರಮ.

1986ರಲ್ಲಿ ಗ್ರೋಝ್ ಮತ್ತು ಕ್ಯಾಂಡೇಸ್ ಸಿಡ್ನರ್ ಇದನ್ನೊಂದು ಪೂರ್ಣ ಸಿದ್ಧಾಂತವಾಗಿಸಿದರು. ಪ್ರತಿ ಪಠ್ಯಕ್ಕೂ ಮೂರು ಮಗ್ಗುಲು: ಮಾತುಗಳು ಖಂಡಗಳಾಗಿ ಕೂಡುವ ಬಗೆ, ಪ್ರತಿ ಖಂಡದ ಹಿಂದಿನ ಉದ್ದೇಶ, ಆಯಾ ಕ್ಷಣದಲ್ಲಿ ಗಮನದಲ್ಲಿರುವ ಸಂಗತಿಗಳು. ಮಂಡಿಯಲ್ಲಿ ಪೇರಿಸಿದ ಮೂಟೆಗಳಂತೆ ಈ ಗಮನ ಒಂದರ ಮೇಲೊಂದು ಏರುತ್ತದೆ. ಮೇಲಿನದನ್ನು ಇಳಿಸಿದ ಮೇಲಷ್ಟೇ ಕೆಳಗಿನದು ಕೈಗೆ ಸಿಗುತ್ತದೆ, ಇಳಿಸಿದ ಮೂಟೆಯಲ್ಲಿದ್ದದ್ದನ್ನು ಮತ್ತೆ ಬರೀ ‘ಅದು’ ಎಂದು ಕರೆಯಲಾಗದು, ಹೆಸರು ಹೇಳಿಯೇ ಕರೆಯಬೇಕು. ಬೆಸುಗೆಯವನ ಪ್ರಸಂಗ ಮುಗಿದ ಮೇಲೆ ‘ಅವನಿಗೆ ಎಷ್ಟು ಕೊಟ್ಟಿರಿ’ ಎಂದು ಕೇಳಿದರೆ ಎದುರಿಗಿದ್ದವರು ‘ಯಾರಿಗೆ?’ ಎನ್ನುವುದು ಇದಕ್ಕೇ.

ವಾಕ್ಯದಿಂದ ವಾಕ್ಯಕ್ಕೆ ಗಮನ ಹೇಗೆ ಸಾಗುತ್ತದೆ ಎಂಬುದನ್ನು ಗ್ರೋಝ್, ಪುಣೆಯಲ್ಲಿ ಹುಟ್ಟಿ ಪೆನ್ಸಿಲ್ವೇನಿಯಾದಲ್ಲಿ ಪಾಠ ಹೇಳಿದ ಅರವಿಂದ ಜೋಶಿ ಮತ್ತು ಸ್ಕಾಟ್ ವೈನ್‌ಸ್ಟೈನ್ 1983ರಿಂದ ಬೆಳೆಸುತ್ತ ಬಂದು 1995ರಲ್ಲಿ ಪೂರ್ಣ ರೂಪದಲ್ಲಿ ಪ್ರಕಟಿಸಿದರು. ಪ್ರತಿ ವಾಕ್ಯಕ್ಕೂ ಒಂದು ಕೇಂದ್ರವಿರುತ್ತದೆ. ಮುಂದಿನ ವಾಕ್ಯದಲ್ಲಿ ಯಾವುದಾದರೂ ಒಂದು ಸರ್ವನಾಮವಾಗುವುದಾದರೆ ಮೊದಲ ಹಕ್ಕು ಆ ಕೇಂದ್ರಕ್ಕೆ ಎಂಬುದು ಅದರ ಸಾರ. 1987ರಲ್ಲಿ ಬಾರ್ಬರಾ ಫಾಕ್ಸ್ ಇಂಗ್ಲಿಷ್ ಬರಹವನ್ನೂ ಮಾತುಕತೆಯನ್ನೂ ಪಕ್ಕಪಕ್ಕ ಇಟ್ಟು, ಸರ್ವನಾಮವೋ ಪೂರ್ಣ ಹೆಸರೋ ಎಂಬುದನ್ನು ದೂರಕ್ಕಿಂತ ಹೆಚ್ಚಾಗಿ ಪಠ್ಯದ ಒಳಕಟ್ಟು ತೀರ್ಮಾನಿಸುತ್ತದೆ ಎಂದು ತೋರಿಸಿದರು. ಮರುವರ್ಷ ವಿಲಿಯಂ ಮ್ಯಾನ್ ಮತ್ತು ಸಾಂಡ್ರಾ ಥಾಂಪ್ಸನ್ ಇಡೀ ಪಠ್ಯವನ್ನು ಮುಖ್ಯಭಾಗ, ಪೋಷಕಭಾಗಗಳ ಮರವಾಗಿ ಬಿಡಿಸುವ ಕ್ರಮ ಕೊಟ್ಟರು. 1998ರಲ್ಲಿ ರುಮೇನಿಯಾದ ಡ್ಯಾನ್ ಕ್ರಿಸ್ಟಿಯಾ, ನ್ಯಾನ್ಸಿ ಐಡ್, ಲೋರಾಂ ರೊಮಾರಿ ಸೇರಿ ಆ ಮರದೊಳಗೆ ಹರಿಯುವ ನರಗಳನ್ನು ಗುರುತಿಸಿ, ಸರ್ವನಾಮದ ಮೂಲ ಹೆಸರನ್ನು ಆ ನರದುದ್ದಕ್ಕೂ ಹುಡುಕಿದರೆ ಸಾಕು, ಪುಟವನ್ನೆಲ್ಲ ಜಾಲಾಡಬೇಕಿಲ್ಲ ಎಂದರು. 2000ದ ಅವರ ಮುಂದಿನ ಪರೀಕ್ಷೆಯೂ ಸಾಲುಸಾಲಾಗಿ ಹಿಂದಕ್ಕೆ ಹುಡುಕುವುದಕ್ಕಿಂತ ಮರದ ಹಾದಿಯಲ್ಲಿ ಹುಡುಕುವುದೇ ಲೇಸು ಎಂದು ಹೇಳಿತು.

ಇಷ್ಟಾದರೂ ಈ ವಾದ ಗೆಲ್ಲಲಿಲ್ಲ. 2003ರಲ್ಲಿ ರಾಚೆಸ್ಟರಿನ ಜೋಯೆಲ್ ಟೆಟ್ರೊ ಮತ್ತು ಜೇಮ್ಸ್ ಅಲೆನ್ ಒಂದು ಒಳ್ಳೆಯ ಸರ್ವನಾಮ ವಿಧಾನಕ್ಕೆ ವಾಕ್ಯಖಂಡಗಳ ಕಟ್ಟಡದ ಮಾಹಿತಿಯನ್ನು ಜೋಡಿಸಿ ನೋಡಿದರು, ಫಲಿತಾಂಶ ಮೇಲೇರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಮೊದಲನೆಯದಾಗಿ, ಬಹುಪಾಲು ಸರ್ವನಾಮಗಳ ಒಡೆಯರು ಪಕ್ಕದಲ್ಲೇ ಇರುತ್ತಾರೆ. ಕಟ್ಟಡ ಬೇಕಾಗುವುದು ಉಳಿದ ಕೆಲವಕ್ಕೆ ಮಾತ್ರ. ಎರಡನೆಯದಾಗಿ, ಆ ಮರವನ್ನು ಮನುಷ್ಯ ಬಿಡಿಸಿಕೊಟ್ಟರೆ ಚೆನ್ನ. ಯಂತ್ರವೇ ಬಿಡಿಸಬೇಕೆಂದರೆ ಖಂಡ ಎಲ್ಲಿ ಮುಗಿಯಿತು ಎಂಬಲ್ಲೇ ತಪ್ಪುತ್ತದೆ, ಆ ತಪ್ಪಿನ ಮೇಲೆ ಸರ್ವನಾಮದ ತಪ್ಪು ಕೂರುತ್ತದೆ. ವಿವರಣೆಯಾಗಿ ಸರಿಯಾದದ್ದು ಉಪಕರಣವಾಗಿ ಸೋತಿತು.

ಇದಕ್ಕೂ ಮುಂಚೆಯೇ ರುಸ್ಲಾನ್ ಮಿಟ್ಕೊವ್ 1998ರಲ್ಲಿ ದೊಡ್ಡ ಸಿದ್ಧಾಂತಗಳನ್ನು ಬದಿಗಿಟ್ಟು, ಯಂತ್ರಗಳ ಕೈಪಿಡಿಗಳನ್ನು ಎದುರಿಗಿಟ್ಟುಕೊಂಡು ಸಣ್ಣಪುಟ್ಟ ಗುರುತುಗಳಿಗೆ ಅಂಕ ಕೊಡುವ ವಿಧಾನ ಮಾಡಿದರು. ಅಧ್ಯಾಯದ ತಲೆಬರಹದಲ್ಲಿರುವ ಹೆಸರಿಗೆ ಒಂದು ಅಂಕ, ಮತ್ತೆ ಮತ್ತೆ ಬಂದ ಹೆಸರಿಗೆ ಎರಡು, ವಾಕ್ಯದ ಮೊದಲ ನಾಮಪದಕ್ಕೆ ಒಂದು, ಹೀಗೆ. 89.7 ಶೇಕಡಾ ಸರಿಬಂತು. ತಲೆಬರಹವೂ ಪಠ್ಯದ ಕಟ್ಟಡವೇ. ಅದಕ್ಕೆ ಮರ ಬಿಡಿಸಬೇಕಿಲ್ಲ, ಕಣ್ಣಿಗೆ ಕಾಣುತ್ತದೆ. ಕನ್ನಡಕ್ಕೆ ದಾರಿ ಹುಡುಕುವವರು ಮಿಟ್ಕೊವ್ ಅವರ ಈ ಬಡತನದ ಬುದ್ಧಿವಂತಿಕೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಕನ್ನಡ. ನಮ್ಮ ಸರ್ವನಾಮದ ಮೊದಲ ತೊಡಕೆಂದರೆ ಅದು ಬಹಳ ಸಲ ಇರುವುದೇ ಇಲ್ಲ. ‘ಬಂದ, ಉಂಡ, ಹೋದ’ ಎಂದರೆ ಮುಗಿಯಿತು. ಲಿಂಗ ವಚನಗಳನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. ಗುಂಡ್ಲುಪೇಟೆ ಸೀಮೆಯ ಆಡುಮಾತಿನಲ್ಲಿ ‘ಬಂದವ್ನೆ, ಬಂದವ್ಳೆ, ಬಂದವ್ರೆ, ಬಂದದೆ’ ಎಂದು ಇನ್ನಷ್ಟು ಬಿಡಿಸಿಯೇ ಹೇಳುತ್ತಾರೆ. ಆದರೆ ‘ಬರಲಿಲ್ಲ’, ‘ಬೇಕು’, ‘ಗೊತ್ತಿಲ್ಲ’ ಎಂದ ಕೂಡಲೇ ಬಾಲ ಕತ್ತರಿಸಿಹೋಗುತ್ತದೆ. ಬಾರದಿದ್ದದ್ದು ಗಂಡೋ, ಹೆಣ್ಣೋ, ಬಸ್ಸೋ, ಮಳೆಯೋ? ವಾಕ್ಯದೊಳಗೆ ಸುಳಿವಿಲ್ಲ, ಹಿಂದಿನ ಮಾತಿನ ಹರಿವನ್ನೇ ನೋಡಬೇಕು.

ಆ ಹರಿವನ್ನು ಕಟ್ಟಿಕೊಡುವ ಕೆಲಸವನ್ನು ಕನ್ನಡದಲ್ಲಿ ಅಪೂರ್ಣ ಕ್ರಿಯೆಗಳು ಮಾಡುತ್ತವೆ. ‘ನಂಜುಂಡ ಮಂಡಿಗೆ ಬಂದು, ಟೊಮೆಟೊ ಇಳಿಸಿ, ಚೀಟಿ ಇಸಿದುಕೊಂಡು ಹೋದ.’ ‘ಬಂದು’, ‘ಇಳಿಸಿ’, ‘ಇಸಿದುಕೊಂಡು’ ಇವುಗಳ ಸರಪಳಿ ಮುರಿಯದಿರುವ ತನಕ ಕರ್ತೃ ಬದಲಾಗುವುದು ಅಪರೂಪ. ‘ನಂಜುಂಡ ಮಂಡಿಗೆ ಬಂದಾಗ ಬಾಗಿಲು ಹಾಕಿಕೊಂಡು ಹೋದ’ ಎಂದರೆ ಹೋದವನು ಬೇರೊಬ್ಬನಿರಬಹುದು. ‘ಬಂದಾಗ’, ‘ಬಂದರೆ’, ‘ಬರಲು’ ಇವು ಕರ್ತೃ ಬದಲಾಗಲು ಬಾಗಿಲು ತೆರೆದಿಡುತ್ತವೆ. ಇಂಗ್ಲಿಷಿನಲ್ಲಿ ಪೂರ್ಣವಿರಾಮ, ಪ್ಯಾರಾಗಳಿಂದ ಪಠ್ಯದ ಖಂಡಗಳನ್ನು ಅಳೆಯುವವರು ಕನ್ನಡದಲ್ಲಿ ಈ ಸರಪಳಿಗಳಿಂದ ಅಳೆಯಬೇಕು. ಒಂದು ಸರಪಳಿ ಎಂದರೆ ಒಂದು ಸಣ್ಣ ಖಂಡ, ಅದಕ್ಕೆ ಒಬ್ಬ ಯಜಮಾನ. ಹೀಗೆ ಹಿಡಿದರೆ ಬಿಟ್ಟುಹೋದ ಕರ್ತೃಗಳಲ್ಲಿ ದೊಡ್ಡ ಪಾಲು ಯಾವ ಮರವನ್ನೂ ಬಿಡಿಸದೆ ಸಿಕ್ಕಿಬಿಡುತ್ತದೆ.

ಎರಡನೆಯ ಗುರುತು ‘ಇವನು’ ಮತ್ತು ‘ಅವನು’ಗಳ ಹಂಚಿಕೆ. ‘ಸಿದ್ದಮ್ಮ ಸಂತೆಗೆ ಹೊರಟಳು. ದಾರಿಯಲ್ಲಿ ಪುಟ್ಟಮ್ಮ ಸಿಕ್ಕಿದಳು. ಅವಳು ಬೀನ್ಸಿನ ರೇಟು ಕೇಳಿದಳು, ಇವಳು ಹೇಳಲಿಲ್ಲ.’ ಕಥೆ ಯಾರ ಬೆನ್ನು ಹಿಡಿದು ಹೊರಟಿದೆಯೋ ಅವಳು ‘ಇವಳು’, ಎದುರಾದವಳು ‘ಅವಳು’. ಇದು ಮೈಲಿಯ ದೂರವಲ್ಲ, ಕಥೆಯ ದೂರ. ಇಬ್ಬರೂ ಹೆಂಗಸರೇ ಆಗಿರುವುದರಿಂದ ಲಿಂಗದ ನೆರವಿಲ್ಲದಿದ್ದರೂ ಕೇಳುವವರಿಗೆ ಗೊಂದಲವಾಗುವುದಿಲ್ಲ. ಗ್ರೋಝ್ ಮತ್ತು ಜೋಶಿ ಹೇಳಿದ ಕೇಂದ್ರಕ್ಕೆ ಕನ್ನಡದಲ್ಲಿ ಹೀಗೊಂದು ಬಹಿರಂಗ ಚಿಹ್ನೆಯೇ ಇದೆ.

ಇದಕ್ಕಿಂತ ಕಗ್ಗಂಟಾದದ್ದು ‘ಅಂತ’. ‘ನಾಳೆ ನಾನು ಕೊಯ್ಲಿಗೆ ಬರಾಕಿಲ್ಲ ಅಂತ ಮಾದೇವ ಅಂದ ಅಂತ ಶಿವಮ್ಮ ಹೇಳಿದಳು.’ ಈ ‘ನಾನು’ ಶಿವಮ್ಮ ಅಲ್ಲ, ಕಥೆ ಹೇಳುತ್ತಿರುವವರೂ ಅಲ್ಲ, ಮಾದೇವ. ನಮ್ಮ ಮಾತಿನಲ್ಲಿ ಇನ್ನೊಬ್ಬರ ನುಡಿಯನ್ನು ಇದ್ದ ಹಾಗೇ ತಂದಿಡುವುದೇ ಹೆಚ್ಚು; ಉದ್ಧರಣ ಚಿಹ್ನೆ ಬಾಯಲ್ಲಿ ಇರುವುದಿಲ್ಲ, ಹಳ್ಳಿಯ ಮಾತನ್ನು ಬರೆದಿಟ್ಟ ಪುಸ್ತಕಗಳಲ್ಲೂ ಬಹಳ ಸಲ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ಇನ್ನೊಬ್ಬರ ನುಡಿ ಎಂದು ತಿಳಿಸುವ ‘ಅಂತ’ ಬರುವುದು ನುಡಿ ಮುಗಿದ ಮೇಲೆ. ಎಡದಿಂದ ಬಲಕ್ಕೆ ಓದುತ್ತ ಅಲ್ಲಲ್ಲೇ ತೀರ್ಮಾನ ಮಾಡುವ ಯಂತ್ರ ಆ ಹೊತ್ತಿಗೆ ‘ನಾನು’ವನ್ನು ಯಾರ ಕೊರಳಿಗೋ ಕಟ್ಟಿಬಿಟ್ಟಿರುತ್ತದೆ. ಕನ್ನಡದ ಸರ್ವನಾಮಗಳನ್ನು ಬಿಡಿಸಲು ಒಂದೇ ಒಂದು ಉಪಕರಣ ಮಾಡಿ ಎಂದು ಯಾರಾದರೂ ಕೇಳಿದರೆ ನಾನು ‘ಅಂತ’, ‘ಎಂದು’, ‘ಅಂದ್ರು’ಗಳ ಬೇಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಉಪಕರಣವನ್ನೇ ಮೊದಲು ಮಾಡಿಸುತ್ತೇನೆ.

‘ತಾನು’ ಕೂಡ ಈ ಬೇಲಿಗೆ ಸೇರಿದ್ದೇ. ‘ಮಾದೇವ ತನ್ನ ಗಾಡಿ ಕೆಟ್ಟಿದೆ ಎಂದ’ ಎಂಬಲ್ಲಿ ಗಾಡಿ ಮಾದೇವನದು. ‘ಅವನ ಗಾಡಿ’ ಎಂದರೆ ಸಾಮಾನ್ಯವಾಗಿ ಬೇರೊಬ್ಬನದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ನಮಗೆ ಎರಡು. ದಕ್ಷಿಣ ಏಷ್ಯಾದ ಭಾಷೆಗಳ ಇಂಥ ಪದಗಳ ಮೇಲೆ 2000ದಲ್ಲಿ ಒಂದು ದೊಡ್ಡ ಸಂಪುಟವೇ ಬಂತು. ಕನ್ನಡದ ‘ತಾನು’ ಮತ್ತು ‘ಕೊಳ್ಳು’ಗಳ ಮೇಲೆ ಅಮೆರಿಕದ ಜೆಫ್ರಿ ಲಿಡ್ಜ್ ಮಾಡಿದ ಕೆಲಸ ಭಾಷಾವಿಜ್ಞಾನಿಗಳಲ್ಲಿ ಹೆಸರಾಗಿದೆ. ಅವರ ಗಮನವಿದ್ದದ್ದು ವಾಕ್ಯದೊಳಗೆ. ಕಾದಂಬರಿ ಓದುವವರಿಗೆ ಗೊತ್ತಿರುವಂತೆ ನಮ್ಮ ‘ತಾನು’ ವಾಕ್ಯದ ಗಡಿ ದಾಟಿ ಪ್ಯಾರಾಗಟ್ಟಲೆ ಓಡಾಡುತ್ತದೆ. ಪಾತ್ರವೊಂದರ ಮನಸ್ಸಿನೊಳಗೆ ಕಥೆ ಹೊಕ್ಕ ಮೇಲೆ, ಹೆಸರೇ ಇಲ್ಲದೆ ‘ತನಗೇಕೆ ಈ ಉಸಾಬರಿ’ ಎಂದು ಬಂದರೆ ಅದು ಆ ಪಾತ್ರದ್ದೇ. ಅಲ್ಲಿ ‘ತಾನು’ ಯಾರೆಂದು ಹೇಳುವುದು ಕಣ್ಣು ಯಾರದು ಎಂಬ ತಿಳಿವಳಿಕೆ. ಜತೆಗೆ ‘ನೀನೇ ತಾನೇ ಹೇಳಿದ್ದು?’ ಎಂಬಲ್ಲಿನ ‘ತಾನೇ’ ಸರ್ವನಾಮವೇ ಅಲ್ಲ ಎಂಬುದನ್ನೂ ಯಂತ್ರ ಕಲಿಯಬೇಕು.

ಗೌರವ ಬಹುವಚನದ್ದು ಬೇರೆಯದೇ ರಗಳೆ. ‘ಅವರು’ ಎಂದರೆ ತಹಸೀಲ್ದಾರರೊಬ್ಬರೇ ಇರಬಹುದು, ಕಚೇರಿಯ ಮುಂದೆ ನಿಂತ ಐವತ್ತು ಜನರೂ ಇರಬಹುದು. ‘ಅವರು ಊರಲ್ಲಿಲ್ಲ’ ಎಂದು ಹಿಂದಿನ ತಲೆಮಾರಿನ ಗೃಹಿಣಿ ಬಾಗಿಲಲ್ಲಿ ನಿಂತು ಹೇಳಿದರೆ ಅದು ಗಂಡ. ಅದಕ್ಕೆ ಹಿಂದೆ ಹೆಸರು ಹುಡುಕಿ ಪ್ರಯೋಜನವಿಲ್ಲ, ಹೆಸರು ಹೇಳಬಾರದೆಂದೇ ಸರ್ವನಾಮ ಬಂದಿದೆ. ಕೂಸು, ಮಗು ಎಂದರೆ ‘ಅದು’. ಪಕ್ಕದಲ್ಲೊಂದು ಕರು ಇದ್ದು ‘ಅದಕ್ಕೆ ಹಾಲು ಬಿಡು’ ಎಂದರೆ ಕರುವಿಗೋ ಕೂಸಿಗೋ ಎಂಬುದನ್ನು ಕೊಟ್ಟಿಗೆಯ ಮಾತೋ ತೊಟ್ಟಿಲ ಮಾತೋ ಎಂದು ನೋಡಿಯೇ ಹೇಳಬೇಕು. ಇಡೀ ಹಿಂದಿನ ಮಾತನ್ನೇ ಹಿಡಿಯುವ ‘ಅದಕ್ಕೇ’, ‘ಅದಿರಲಿ’, ‘ಅದೂ ಅಲ್ಲದೆ’ಗಳೂ ಇವೆ. ಬಾನಿ ವೆಬ್ಬರ್ 1991ರಲ್ಲಿ ಇಂಥ ಪದಗಳು ಪಠ್ಯದ ಯಾವುದೋ ಭಾಗವನ್ನು ಮನಸ್ಸಿಗೆ ಬಂದಂತೆ ಸೂಚಿಸಲಾರವು, ಇನ್ನೂ ಮುಚ್ಚಿಹೋಗದ, ಬಲ ಅಂಚಿನಲ್ಲಿರುವ ಖಂಡಗಳನ್ನು ಮಾತ್ರ ಸೂಚಿಸುತ್ತವೆ ಎಂದು ತೋರಿಸಿದ್ದರು. ‘ಅದಿರಲಿ’ ಎಂದು ನಾವು ಬದಿಗೆ ಸರಿಸುವುದು ಯಾವಾಗಲೂ ಈಗಷ್ಟೇ ಆಡಿದ್ದನ್ನೇ.

ಪಠ್ಯದ ಪ್ರಕಾರ ತಿಳಿದರೆ ಅರ್ಧ ಕೆಲಸ ಮುಗಿದಂತೆ ಎನ್ನುವುದಕ್ಕೆ ಈ ಸೀಮೆಯಲ್ಲಿ ಎರಡು ಒಳ್ಳೆಯ ಸಾಕ್ಷಿಗಳಿವೆ. ಒಂದು ಶಾಸನ. ಗುಂಡ್ಲುಪೇಟೆ ತಾಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1974ರಲ್ಲಿ ಪರಿಷ್ಕೃತ ಮೂರನೇ ಸಂಪುಟದಲ್ಲಿ ಮತ್ತೆ ತಂದಿತು. ದಾನಶಾಸನವೊಂದರ ಅಚ್ಚು ಎಲ್ಲರಿಗೂ ಗೊತ್ತಿರುವಂಥದು: ಸ್ವಸ್ತಿ, ಶಕವರ್ಷ, ಸಂವತ್ಸರ, ತಿಥಿ, ಆಮೇಲೆ ಅರಸನ ಬಿರುದುಗಳು, ಆಮೇಲೆ ದಾನ ಕೊಟ್ಟವನು, ಪಡೆದವನು, ಭೂಮಿಯ ಎಲ್ಲೆಗಳು, ಕೊನೆಗೆ ಶಾಪ. ಅರಸನ ಹೆಸರು ಎಷ್ಟೇ ಬಿರುದುಗಳೊಂದಿಗೆ ಮೆರೆದರೂ ಮುಂದೆ ‘ಇವರು ಕೊಟ್ಟರು’ ಎಂದು ಬಂದಾಗ ಅದು ಬಹಳ ಕಡೆ ಕೆಳಗಿನ ಅಧಿಕಾರಿಯದೋ ನಾಡಗೌಡನದೋ ಕೊಡುಗೆ. ಕೊನೆಯ ‘ಇದನ್ನು ಅಳಿದವನು’ ಅರಸನೂ ಅಲ್ಲ, ದಾನಿಯೂ ಅಲ್ಲ, ಮುಂದೆಂದೋ ಹುಟ್ಟಲಿರುವ ಯಾವನೋ ಒಬ್ಬ. ಅವನಿಗೆ ಶಾಸನದೊಳಗೆ ಹೆಸರು ಹುಡುಕುವ ಯಂತ್ರ ದಾನಿಯನ್ನೇ ನರಕಕ್ಕೆ ಕಳಿಸುತ್ತದೆ. ಶಾಪದ ಭಾಗ ಶುರುವಾಯಿತು ಎಂದು ಗುರುತಿಸಿದರೆ ಸಾಕು, ಹುಡುಕಾಟವೇ ಬೇಡ.

ಇನ್ನೊಂದು ಮಲೆ ಮಾದೇಶ್ವರನ ಕಾವ್ಯ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಈ ಮಹಾಕಾವ್ಯವನ್ನು ಪಿ. ಕೆ. ರಾಜಶೇಖರ 1973ರಲ್ಲಿ ಸಂ­ಪಾದಿಸಿ ಪ್ರಕಟಿಸಿದರು. ಅದು ‘ಸಾಲು’ಗಳಾಗಿ ಹರಡಿಕೊಂಡಿದೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಹೀಗೆ. ಮಾದಪ್ಪ ಎಲ್ಲ ಸಾಲುಗಳಲ್ಲೂ ಇದ್ದಾನೆ, ಉಳಿದವರು ತಮ್ಮ ತಮ್ಮ ಸಾಲಿನ ಮಟ್ಟಿಗೆ. ಸಂಕಮ್ಮನ ಸಾಲಿಗೆ ಹೊಕ್ಕ ಮೇಲೆ ‘ಅವಳು’ ಯಾರೆಂದು ಯಾರೂ ಕೇಳುವುದಿಲ್ಲ. ‘ಅವನು’ ಮಾತ್ರ ಇಬ್ಬರ ನಡುವೆ ತೂಗುತ್ತದೆ, ಗಂಡ ನೀಲೇಗೌಡನೋ ಮಾದಪ್ಪನೋ ಎಂದು. ಅದನ್ನು ತೀರ್ಮಾನಿಸುವುದು ಕಥೆಯ ಹಂತ: ನೀಲೇಗೌಡ ಜೇನಿಗೆಂದು ಕಾಡು ಹತ್ತಿದ ಮೇಲೆ ಗುಡಿಸಲ ಬಾಗಿಲಿಗೆ ಬರುವವನು ಮಾದಪ್ಪನೇ. ಪದ್ಯ ನಿಂತು ಮಾತು ಶುರುವಾಗುವ ಕಡೆ, ಹಿಮ್ಮೇಳದವರು ಸೊಲ್ಲು ಎತ್ತುವ ಕಡೆ ದೃಶ್ಯ ಬದಲಾಗುವುದುಂಟು. ಹಾಡುಗಾರರು ಅನುಮಾನ ಬರಬಹುದಾದ ಜಾಗದಲ್ಲಿ ಸರ್ವನಾಮ ಬಿಟ್ಟು ‘ಮಾಯ್ಕಾರ’ ಎಂಬಂಥ ಬಿರುದನ್ನೇ ಹಾಕುತ್ತಾರೆ. ಫಾಕ್ಸ್ ಇಂಗ್ಲಿಷಿನಲ್ಲಿ ಕಂಡ ಸಂಗತಿಯನ್ನು ಅಕ್ಷರದ ಹಂಗಿಲ್ಲದ ಈ ಗಾಯಕರು ತಲೆಮಾರುಗಳಿಂದ ರೂಢಿಸಿಕೊಂಡಿದ್ದಾರೆ. ಇಂಥ ಪಠ್ಯವನ್ನು ಓದುವ ಯಂತ್ರಕ್ಕೆ ಸಾಲಿನ ತಲೆಬರಹ, ಗದ್ಯಪದ್ಯಗಳ ಗಡಿ, ‘ಅಂತ’ದ ಬೇಲಿ ಈ ಮೂರನ್ನು ಕೊಟ್ಟರೆ ಎಷ್ಟೋ ದೂರ ಹೋಗುತ್ತದೆ.

ಈಚಿನ ಹತ್ತು ವರ್ಷಗಳಲ್ಲಿ ಈ ಚರ್ಚೆಯ ನೆಲವೇ ಬದಲಾಗಿದೆ. 2016ರಲ್ಲಿ ವಿನೊಗ್ರಾಡ್ ಮಾದರಿಯ ಒಗಟುಗಳ ಸ್ಪರ್ಧೆ ನಡೆದಾಗ ಗೆದ್ದ ಯಂತ್ರಕ್ಕೆ ಸಿಕ್ಕಿದ್ದು 58 ಶೇಕಡಾ. ಮೂರೇ ವರ್ಷದಲ್ಲಿ ಅಂಥ ಒಗಟುಗಳಲ್ಲಿ ಅಂಕ 90ರ ಹತ್ತಿರ ಹೋಯಿತು. 2017ರಲ್ಲಿ ಕೆಂಟನ್ ಲೀ ಮತ್ತು ಸಂಗಡಿಗರು ವ್ಯಾಕರಣದ ಮರ, ಪಠ್ಯದ ಮರ ಎರಡನ್ನೂ ಬಿಟ್ಟು, ಗುರುತು ಹಾಕಿದ ಪಠ್ಯವೊಂದನ್ನೇ ನೋಡಿ ನೇರವಾಗಿ ಕಲಿಯುವ ಜಾಲ ಕಟ್ಟಿದರು. ಇಂಗ್ಲಿಷಿನ ಪ್ರಮಾಣ ಪರೀಕ್ಷೆಯಲ್ಲಿ ಅವರ ಅಂಕ 67.2, ಕೆಲವೇ ವರ್ಷಗಳಲ್ಲಿ ಸ್ಪ್ಯಾನ್‌ಬರ್ಟ್ ಎಂಬ ಭಾಷಾ ಮಾದರಿ ಅದನ್ನು 79.6ಕ್ಕೆ ಒಯ್ದಿತು. 2019ರಲ್ಲಿ ಬರ್ಟ್ ಎಂಬ ಭಾಷಾ ಮಾದರಿಯ ಒಳಗನ್ನು ಬಿಚ್ಚಿ ನೋಡಿದವರಿಗೆ, ಯಾರೂ ಹೇಳಿಕೊಡದಿದ್ದರೂ ಅದರ ಒಂದು ಭಾಗ ಹಿಂದಿನ ಹೆಸರಿನತ್ತ ಬೆರಳು ತೋರಿಸುವುದನ್ನು ಕಲಿತಿದ್ದು ಕಂಡಿತು. ಹಾಗಾದರೆ ಕಟ್ಟಡದ ಮಾತು ಹಳೆಯದಾಯಿತೇ? ಇಂಗ್ಲಿಷಿನ ಸಣ್ಣ ಪಠ್ಯಗಳ ಮಟ್ಟಿಗೆ ಬಹುಶಃ ಹೌದು. ಅಷ್ಟೊಂದು ಪಠ್ಯ ಓದಿದ ಮೇಲೆ ಕಟ್ಟಡ ಯಂತ್ರದ ರಕ್ತಕ್ಕೇ ಇಳಿದಿರುತ್ತದೆ. ಕನ್ನಡದಲ್ಲಿ ಅಷ್ಟು ಓದಿಸಲು ಪಠ್ಯವೂ ಇಲ್ಲ, ಓದಿದ್ದು ತಲೆಗೆ ಹತ್ತಿತೋ ಎಂದು ಅಳೆಯಲು ಗುರುತು ಹಾಕಿದ ಪಠ್ಯ ಇನ್ನೂ ಕಡಿಮೆ.

ಆ ಪ್ರಮಾಣ ಪರೀಕ್ಷೆ 2012ರಲ್ಲಿ ರೂಪುಗೊಂಡದ್ದು ಇಂಗ್ಲಿಷ್, ಚೀನೀ, ಅರಬ್ಬಿ ಮೂರು ಭಾಷೆಗಳಿಗೆ. ಚೀನೀ ಮತ್ತು ಅರಬ್ಬಿಯಲ್ಲಿ ಬಿಟ್ಟುಹೋದ ಕರ್ತೃಗಳಿಗೂ ಗುರುತು ಹಾಕಿದ್ದರು, ಆದರೆ ಸ್ಪರ್ಧೆಯ ಅಂಕಕ್ಕೆ ಅವನ್ನು ಹಿಡಿಯಲಿಲ್ಲ. ಕನ್ನಡದ ಮುಖ್ಯ ತೊಡಕೇ ಲೆಕ್ಕದಿಂದ ಹೊರಗಿರುವ ಅಳತೆಗೋಲು ಅದು. ಭಾರತದಲ್ಲಿ ಚೆನ್ನೈನ ಎಯು-ಕೆಬಿಸಿ ಕೇಂದ್ರದ ಶೋಭಾ ಲಲಿತಾದೇವಿ ಮಲಯಾಳಂ, ಹಿಂದಿಗಳಿಂದ ಶುರುಮಾಡಿ ದಶಕಗಳಿಂದ ಈ ಕೆಲಸ ಮಾಡುತ್ತಿದ್ದಾರೆ. 2011ರ ಐಕಾನ್ ಸಮ್ಮೇಳನದ ಸರ್ವನಾಮ ಸ್ಪರ್ಧೆ ಹಿಂದಿ, ಬಂಗಾಳಿ, ತಮಿಳುಗಳಿಗೆ ನಡೆಯಿತು. 2020ರ ಇಂಡಿಕ್‌ಗ್ಲೂ ಪರೀಕ್ಷೆಯಲ್ಲಿ ವಿನೊಗ್ರಾಡ್ ಒಗಟುಗಳು ಹಿಂದಿ, ಮರಾಠಿ, ಗುಜರಾತಿಗೆ ಬಂದವು. 2024ರಲ್ಲಿ ದಕ್ಷಿಣ ಏಷ್ಯಾದ 31 ಭಾಷೆಗಳಿಗೆ ಒಂದು ಸಂಗ್ರಹ ಹೊರಬಂತು; ಅದನ್ನು ಮಾಡಿದ್ದು ಇಂಗ್ಲಿಷ್ ಪಠ್ಯಗಳನ್ನು ಯಂತ್ರದಿಂದ ಅನುವಾದಿಸಿ, ಗುರುತುಗಳನ್ನು ಆಚೆಯಿಂದ ಈಚೆಗೆ ದಾಟಿಸಿ.

ಏನೂ ಇಲ್ಲದಿದ್ದಾಗ ಇದು ಉಪಕಾರವೇ. ಆದರೆ ಇಂಗ್ಲಿಷಿನಿಂದ ಇಳಿದ ಕನ್ನಡದಲ್ಲಿ ಪ್ರತಿ ವಾಕ್ಯಕ್ಕೂ ‘ಅವನು’, ‘ಅವಳು’ ಅಂಟಿಕೊಂಡೇ ಬರುತ್ತದೆ. ಕರ್ತೃ ಬಿಟ್ಟ ವಾಕ್ಯ, ‘ಬಂದು, ಇಳಿಸಿ, ಹೋಗಿ’ಗಳ ಸರಪಳಿ, ‘ಇವಳು ಅವಳು’ ಹಂಚಿಕೆ, ಚಿಹ್ನೆಯಿಲ್ಲದ ‘ಅಂತ’, ಪ್ಯಾರಾ ದಾಟುವ ‘ತಾನು’ ಇವೆಲ್ಲ ಅಲ್ಲಿ ತೆಳುವಾಗುತ್ತವೆ. ಕನ್ನಡದವರು ಹಾಗೆ ಬರೆಯುವುದಿಲ್ಲ, ಮಾತಾಡುವುದಂತೂ ಇಲ್ಲ. ಅಂಥದ್ದರ ಮೇಲೆ ಪಳಗಿದ ಯಂತ್ರ ಅಂಥದ್ದರಲ್ಲೇ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದೀತು. ತೆರಕಣಾಂಬಿಯ ರೈತನೊಬ್ಬ ಫೋನಿನಲ್ಲಿ ಆಡಿದ ಐದು ನಿಮಿಷದ ಮಾತನ್ನು ಸಾರಾಂಶ ಮಾಡು ಎಂದರೆ ದುಡ್ಡು ಕೊಟ್ಟವನನ್ನು ಇಸಿದುಕೊಂಡವನನ್ನಾಗಿ ಮಾಡುತ್ತದೆ. ಅನುವಾದದಲ್ಲೂ ಇದೇ ತೊಡಕು: ಹಿಂದಿಯ ‘ವಹ್’ ಅವನೂ ಹೌದು, ಅವಳೂ ಹೌದು, ಅದೂ ಹೌದು. ಸರಕಾರಿ ಸುತ್ತೋಲೆಗಳನ್ನು, ಪಾಠಗಳನ್ನು ಹಿಂದಿಯಿಂದ ಕನ್ನಡಕ್ಕೆ ಯಂತ್ರವೇ ಇಳಿಸುವ ಕಾಲದಲ್ಲಿ ಇದು ವಿದ್ವಾಂಸರ ಚರ್ಚೆಯಾಗಿ ಮಾತ್ರ ಉಳಿದಿಲ್ಲ.

ಆದ್ದರಿಂದ ಕನ್ನಡಕ್ಕೆ ಈಗ ಬೇಕಾಗಿರುವುದು ಇನ್ನೊಂದು ಮರದ ಸಿದ್ಧಾಂತವಲ್ಲ. ಕನ್ನಡದಲ್ಲೇ ಹುಟ್ಟಿದ ಪಠ್ಯಗಳನ್ನು ತೆಗೆದುಕೊಂಡು, ಯಾವ ಸರ್ವನಾಮ ಯಾರದು, ಬಿಟ್ಟುಹೋದ ಕರ್ತೃ ಯಾರು, ಇನ್ನೊಬ್ಬರ ನುಡಿ ಎಲ್ಲಿ ತೆರೆದು ಎಲ್ಲಿ ಮುಚ್ಚಿತು ಎಂದು ಕೈಯಿಂದ ಗುರುತು ಹಾಕಬೇಕು. ಪತ್ರಿಕಾ ವರದಿ, ಕಾದಂಬರಿ, ಶಾಸನ, ಜನಪದ ಕಾವ್ಯ, ಹಳ್ಳಿಯ ಮಾತುಕತೆ ಎಲ್ಲವೂ ಅದರಲ್ಲಿರಬೇಕು. ಖಾಸಗಿ ಕಾಗದಗಳಾದರೆ ಹೆಸರು, ಸರ್ವೆ ನಂಬರು ಅಳಿಸಿ, ಮಾಲೀಕರ ಒಪ್ಪಿಗೆ ಪಡೆದೇ ಸೇರಿಸಬೇಕು. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲೇ ಇದೆ, ಕನ್ನಡ ಅಧ್ಯಯನ ಸಂಸ್ಥೆಯೂ ಅಲ್ಲೇ ಇದೆ. ಭಾಷಾವಿಜ್ಞಾನ ಮತ್ತು ಕಂಪ್ಯೂಟರ್ ವಿಭಾಗಗಳು ಒಟ್ಟಿಗೆ ಕುಳಿತು, ಚಾಮರಾಜನಗರ ಸೀಮೆಯ ಮಾತು ಬಲ್ಲ ಹುಡುಗ ಹುಡುಗಿಯರಿಗೆ ತಕ್ಕ ಸಂಬಳ ಕೊಟ್ಟು ಈ ಕೆಲಸ ಮಾಡಿಸಲಿ, ಮಾಡಿದ್ದನ್ನು ಬೀಗ ಹಾಕಿಡದೆ ಎಲ್ಲರಿಗೂ ತೆರೆದಿಡಲಿ.